ಗೆಳತಿ ಕೂಡಿಸಿದ ಸೆರಗುಗಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳಿಕೊಳ್ಳದೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ. ಹುಟ್ಟಿ ಇಪ್ಪತ್ತು ದಿನವಾಯಿತು. ಬೆರಳುಗಳು ಎಳೆ ಚವಳಿಕಾಯಿಯಷ್ಟು ಸಣ್ಣ, ಧ್ವನಿ ಮಾತ್ರ ಹತ್ತು ಸಂಸಾರಗಳಿರುವ ಇಡೀ ವಾಡೆಗೆ ಕೇಳುವಷ್ಟು ದೊಡ್ಡದು. ಹಾಲಿನವನಿಗೆ ಹೇಳಿದೆ, ಟಾಂಗಾದವನಿಗೆ ಹೇಳಿದೆ, ಕೆಳಗಿನ ಮನೆಯ ಮರಾಠಿ ಮುದುಕಿಗೆ ಮೂರು ಸಲ ಹೇಳಿದೆ. ಆಕೆ ಮೂರು ಸಲವೂ ಹೊಸದಾಗಿ ಕೇಳಿದವಳಂತೆ ಬಾಯಿ ತೆರೆದಳು, ಒಳ್ಳೆಯ ಹೆಂಗಸು. ನಮ್ಮವರಂತೂ, “ನಾಳೆ ಮುನಸಿಪಾಲ್ಟಿ ಮುಂದ ನಿಂತು ಡಂಗುರಾ ಹೊಡಿಯಾಕಿನ ನೀನು” ಎಂದರು. ಹೊಡೆಯುತ್ತೇನೆ, ಯಾರಿಗೇನು?

ಆದರೆ ಬರೆಯಲು ಕುಳಿತದ್ದು ಕೂಸಿನ ಮಾತಲ್ಲ. ನಾನು ಕಲಿತದ್ದು ಕನ್ನಡ ಮೂರನೆಯ ಇಯತ್ತೆ. ಅಷ್ಟರಲ್ಲಿ ಮದುವೆ ಮಾಡಿ ಬಾಗಲಕೋಟೆ ಕಡೆಯಿಂದ ಪುಣೆಗೆ ಕಳಿಸಿದರು. ಇಷ್ಟು ಉದ್ದ ಬರೆದ ರೂಢಿ ನನಗಿಲ್ಲ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ನಗುತ್ತಿರುವಾಗಲೇ ನಡುವೆ ಬಾಯಿ ಕಹಿಯಾಗುತ್ತದೆ, ಬೇವಿನೆಲೆ ಅಗಿದ ಹಾಗೆ. ಯಾಕೆ ಅಂತ ನನಗೆ ಗೊತ್ತು, ಮನೆಯಲ್ಲಿ ಉಳಿದವರಿಗೂ ಈಗ ಗೊತ್ತಾಗಿದೆ. ನನ್ನ ಗೆಳತಿ ಸತ್ತು ಮೂರು ತಿಂಗಳಾಯಿತು. ಅವಳು ಇಪ್ಪತ್ತೈದು ವರ್ಷ ಕೂಡಿಸಿದ್ದೆಲ್ಲ ಹೋಯಿತು. ಹೋಗಲು ಬಿಟ್ಟವಳು ನಾನು.

ಅವಳು ನನಗಿಂತ ಎರಡು ವರ್ಷ ದೊಡ್ಡವಳು. ನಮ್ಮ ವಾಡೆಯಿಂದ ಎರಡು ಬಾಗಿಲು ಆಚೆ ಅವಳ ಅಣ್ಣನ ಮನೆ. ಅಣ್ಣ ಒಂದು ಆಫೀಸಿನಲ್ಲಿ ಕಾರಕೂನ. ಇವಳಿಗೆ ಮದುವೆಯಾದ ವರ್ಷವೇ ಗಂಡ ಹೋಗಿ, ಧಾರವಾಡದಿಂದ ಅಣ್ಣನ ಹಿಂದೆ ಪುಣೆಗೆ ಬಂದಿದ್ದಳು. ಅತ್ತಿಗೆಯ, ಅವಳ ಮಾತಿನಲ್ಲಿ ವೈನಿಯ, ಅಡಿಗೆಮನೆಯಲ್ಲಿ ದುಡಿಯುತ್ತಿದ್ದಳು, ಸುತ್ತಲಿನವರ ಕುಪ್ಪಸ ಹೊಲಿದುಕೊಡುತ್ತಿದ್ದಳು. ಹೊತ್ತು ಸಿಕ್ಕರೆ ಕಸೂತಿ. ಮದುವೆಯಲ್ಲಿ ಕೊಡುವ ಕರಿಯ ಚಂದ್ರಕಾಳಿ ಸೀರೆಯ ಸೆರಗಿನ ಮೇಲೆ, ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿಯಿಂದ ಗೋಪುರ, ಕಮಲ, ನವಿಲು ತೆಗೆಯುತ್ತಾರಲ್ಲ, ಅದು. ಎಲ್ಲೂ ಗೀಟು ಎಳೆದುಕೊಳ್ಳುವ ಹಾಗಿಲ್ಲ, ಗಂಟು ಹಾಕುವ ಹಾಗಿಲ್ಲ. ಅವಳು ಹಾಕಿದ ಗವಂತಿ ಹೊಲಿಗೆ ನೋಡಿದರೆ ಬಟ್ಟೆಯ ಮುಂದು ಯಾವುದು ಹಿಂದು ಯಾವುದು ತಿಳಿಯುತ್ತಿರಲಿಲ್ಲ.

ನಾವೆಲ್ಲ ತಾಯಿ ಕಲಿಸಿದ್ದನ್ನು ಹಾಕುತ್ತಿದ್ದೆವು. ಅವಳು ಹೊಸದು ಹುಟ್ಟಿಸುತ್ತಿದ್ದಳು. ಒಂದು ಸಲ ಹೊಗೆ ಬಿಡುವ ಎಂಜಿನ್ನನ್ನೇ ಎಣಿಸಿ ಹಾಕಿದಳು. ಗಾಲಿಗಳ ಜಾಗದಲ್ಲಿ ರುದ್ರಾಕ್ಷಿ. ಅದನ್ನು ನೋಡಿ ನಮ್ಮ ಕನ್ನಡದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. “ಸೀರಿ ಸೆರಗಿನ್ಯಾಗ ಆಗಗಾಡಿ ಏನವಾ? ಉಟ್ಟಾಕಿ ಹೊತ್ತಿ ಉರದಾಳು!” ಎಂದರು. ಅವಳು ಸೂಜಿ ಬಾಯಲ್ಲಿ ಕಚ್ಚಿಕೊಂಡು, “ನೀವು ತವರಿಗೆ ಆನಿ ಮ್ಯಾಲ ಹೋಗತೀರೇನ್ರಿ? ಆಗಗಾಡ್ಯಾಗನ ಹೋಗತೀರಿ. ಮತ್ತ ಸೆರಗಿನ್ಯಾಗ ಆನಿ ಯಾಕ?” ಎಂದಳು. ಆದರೂ ಯಾರೂ ಎಂಜಿನ್ನನ್ನು ಉಡಲಿಲ್ಲ.

ಇದು ಅವಳ ಕೈ. ಇನ್ನು ಅವಳ ಹುಚ್ಚು.

ಯಾರ ಮನೆಯಲ್ಲಾದರೂ ಹಳೆಯ ಸೀರೆ ಹರಿದು ಕೌದಿ ಹೊಲಿಯುತ್ತಾರೆ ಅಂತ ಸುದ್ದಿ ಬಂದರೆ ಅವಳು ಅಲ್ಲಿ ಹಾಜರು. ಕೌದಿಗೆ ಹಾಕುವ ಮೊದಲು ಸೆರಗಿನ ತುದಿಯನ್ನು ಬೇಡಿ ತರುತ್ತಿದ್ದಳು. ಬದಲಿಗೆ ಆ ಮನೆಯವರಿಗೆ ಒಂದು ಕುಪ್ಪಸ ಹೊಲಿದುಕೊಡುತ್ತಿದ್ದಳು. ಕೂಸುಗಳ ಹಳೆಯ ಕುಂಚಿಗೆ, ತೋಳು ಜೀರ್ಣವಾದ ಕುಪ್ಪಸ, ಇಲಿ ಕಡಿದ ಸೆರಗು, ಎಲ್ಲ ಬೇಕು. ಕೊಡದಿದ್ದವರ ಮನೆಯಲ್ಲಿ ಅಲ್ಲೇ ಕುಳಿತು ಎಳೆ ಎಣಿಸಿಕೊಂಡು ಬಂದು, ಅದೇ ದಿವಸ ಕರಿಯ ಬಟ್ಟೆಯ ತುಂಡಿನ ಮೇಲೆ ಹಾಕಿ ಇಡುತ್ತಿದ್ದಳು. ಓದು ಬರಹ ಬಾರದವಳು. ಅದಕ್ಕೆ ನಾನು ಚೀಟಿ ಬರೆಯಬೇಕು: ಯಾವ ಊರಿನ ಸೆರಗು, ಯಾರು ಹಾಕಿದ್ದು, ಚಿತ್ರಕ್ಕೆ ಅವರು ಏನಂತ ಕರೆಯುತ್ತಾರೆ. ನನ್ನ ಮೂರನೆಯ ಇಯತ್ತೆಯ ಅಕ್ಷರ ಆ ಚೀಟಿಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಉಪಯೋಗಕ್ಕೆ ಬಂದದ್ದಿಲ್ಲ. ಚೀಟಿಯನ್ನು ತುಂಡಿನ ಮೂಲೆಗೆ ಅವಳು ಒಂದು ಟಾಕೆ ಹಾಕಿ ಹಚ್ಚುತ್ತಿದ್ದಳು. ಎಲ್ಲವನ್ನೂ ಮಡಚಿ, ನಡುನಡುವೆ ಬೇವಿನ ಸೊಪ್ಪು ಇಟ್ಟು, ತನ್ನದೇ ಒಂದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದಳು. ಅತ್ತಿಗೆಯ ಮನೆಯಲ್ಲಿ ಅವಳಿಗೆ ಪೆಟ್ಟಿಗೆ ಎಲ್ಲಿಂದ ಬರಬೇಕು?

ಆ ಹುಚ್ಚು ಒಂದು ಸಲ ನಮ್ಮಿಬ್ಬರನ್ನೂ ದೌಂಡಕ್ಕೆ ಒಯ್ದಿತ್ತು. ಸೊಲ್ಲಾಪುರಕ್ಕೆ ಹೊರಟ ನನ್ನ ತಮ್ಮನನ್ನು ಕಳಿಸಲು ಸ್ಟೇಶನ್ನಿಗೆ ಹೋಗಿದ್ದೆವು. ಹೆಂಗಸರ ಡಬ್ಬಿಯಲ್ಲಿ ಒಬ್ಬ ಮುದುಕಿ ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದಳು. ಬೆನ್ನ ಮೇಲೆ ಮಾಸಿದ ಚಂದ್ರಕಾಳಿಯ ಸೆರಗು. “ಐದು ಮಿಂಟು” ಎಂದವಳೇ ನನ್ನ ಗೆಳತಿ ಹತ್ತಿಬಿಟ್ಟಳು. ಸೀಟಿ ಊದಿತು. ಇವಳನ್ನು ಎಳೆದು ತರಲು ನಾನೂ ಹತ್ತಿದೆ.

“ಇಳೀ ಅಕ್ಕಾ, ಗಾಡಿ ಬಿಟ್ತು!”

“ತಡೀ, ಹದಿನೇಳು… ಹದಿನೆಂಟು… ನೀ ಒದರಿದ್ರ ಎಣಿಕಿ ತಪ್ಪತದ.”

ಗಾಡಿ ಸ್ಟೇಶನ್ ದಾಟಿತು. ಮುದುಕಿ ಹಿಂದೆ ತಿರುಗಿ ನೋಡಿದಳು.

“ಏನವಾ ತಂಗೀ, ನನ್ನ ಬೆನ್ನ ಮ್ಯಾಲ ಏನ ಹುಡುಕಾಕತ್ತೀ? ಹೇನ ಇಲ್ಲವಾ ನನಗ.”

“ಹೇನಲ್ಲಜ್ಜೀ, ಆನಿ. ನಿಮ್ಮ ಆನಿಗೆ ಐದು ಕಾಲು ಬಂದಾವು. ಎಲ್ಲೋ ತಪ್ಪ್ಯಾರ.”

“ತಪ್ಪಿದಾಕಿ ನೀನು. ಐದನೇದು ಮರೀದು. ತಾಯಿ ಹೊಟ್ಟಿ ಕೆಳಗ ಮರಿ ನಿಂತೈತಿ, ಮುಂದಿನ ಕಾಲೊಂದು ಅಷ್ಟ ಹೊರಗ ಚಾಚೈತಿ. ಕಣ್ಣ ಬಿಟ್ಟ ನೋಡು. ನಾ ಹೊಟ್ಟ್ಯಾಗಿದ್ದಾಗ ನಮ್ಮವ್ವ ಹಾಕಿದ್ದದು.”

ನನ್ನ ಗೆಳತಿ ಮೊದಲಿನಿಂದ ಎಣಿಸತೊಡಗಿದಳು. ನಡುವಿನ ಸ್ಟೇಶನ್ನುಗಳಲ್ಲಿ ಇಳಿ ಅಂದರೆ ಇಳಿಯಲಿಲ್ಲ. ದೌಂಡದಲ್ಲಿ ಟಿಕೀಟು ಕೇಳುವವನು ಬಂದ. ಪುಣ್ಯಕ್ಕೆ ಕನ್ನಡ ಬಲ್ಲವನು. ಮುದುಕಿಯೇ ಅವನಿಗೆ, “ಇವರು ಟಿಕೀಟು ಹಿಡದು ಬಂದಿಲ್ಲಪಾ, ನನ್ನ ಸೆರಗು ಹಿಡದು ಬಂದಾರ. ತಿರುಗೋ ಗಾಡಿಗೆ ಹತ್ತಿಸಿ ಪುಣ್ಯಾ ಕಟಗೋ” ಎಂದಳು. ಅವನು ನಕ್ಕು ನಮ್ಮನ್ನು ಹಿಂದಿರುಗುವ ಪ್ಯಾಸೆಂಜರಿನಲ್ಲಿ ಕೂಡಿಸಿದ. ಮನೆಗೆ ಬಂದ ಮೇಲೆ ನಮ್ಮವರು ಬೈದ ಬೈಗುಳ ನಾನು ಬರೆಯುವುದಿಲ್ಲ. ಮರುದಿವಸ ಅವಳು ಐದು ಕಾಲಿನ ಆನೆಯನ್ನು ತಂದು ನನ್ನ ಮುಂದಿಟ್ಟು, “ಬರಿ. ತಾಯಿ ಆನಿ, ಹೊಟ್ಟಿ ಕೆಳಗ ಮರಿ. ಸೊಲ್ಲಾಪುರದಜ್ಜಿದು” ಎಂದಳು. ಬರೆದೆ.

ಇಷ್ಟು ಬರೆದಾಗ ನಗು ಬರುತ್ತದೆ. ಆದರೆ ಇನ್ನೊಂದು ಮಾತಿದೆ, ಅದಕ್ಕೂ ಮೊದಲಿನದು. ಈಗ ಬಾಣಂತಿಯಾಗಿರುವ ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಕುಬಸ ಮಾಡಿದರು. ಏಳನೆಯ ತಿಂಗಳಲ್ಲಿ ಹಸಿರು ಬಳೆ ಇಡಿಸಿ, ಕರಿಯ ಸೀರೆ ಉಡಿಸಿ ಆರತಿ ಮಾಡುವ ಕಾರ್ಯ. ನಾನು ಉಟ್ಟ ಸೀರೆಗೆ ಎರಡು ತಿಂಗಳು ಕುಳಿತು ಕಸೂತಿ ಹಾಕಿದವಳು ಅವಳು. ಕಾರ್ಯಕ್ಕೆ ಅವಳನ್ನು ಒಳಗೆ ಕರೆಯಲಿಲ್ಲ. ಕುಂಕುಮ ಇಲ್ಲದವಳ ನೆರಳು ಬಸುರಿಯ ಮೇಲೆ ಬೀಳಬಾರದು ಅಂತ ನಮ್ಮತ್ತೆ. ಅತ್ತೆಯ ಹೆಸರು ಹೇಳಿ ನಾನು ತಪ್ಪಿಸಿಕೊಳ್ಳುವುದಿಲ್ಲ. ನನಗೂ ಅಂಜಿಕೆ ಇತ್ತು. ಅವಳು ಕಟ್ಟಿಗೆಯ ಏಣಿಮೆಟ್ಟಿಲ ಕೆಳಗೆ ನಿಂತು ಮೇಲೆ ಹಾಡುವುದನ್ನು ಕೇಳಿ ಹೋದಳು. ಮರುದಿವಸ ನಾನು ಮುಖ ತಗ್ಗಿಸಿದರೆ, “ಅಯ್ಯ, ನನ್ನ ಕೈ ನಿನ್ನ ಮೈಮ್ಯಾಲ ಇತ್ತಲ್ಲಾ. ಉಳಕೀದು ಹೊರಗ ನಿಂತ್ರ ಏನಾತು?” ಎಂದು ನಕ್ಕಳು. ನಕ್ಕಳೆಂದು ನಾನು ಮರೆತೆ. ಅವಳು ಮರೆತಳೋ ಇಲ್ಲವೋ ಕೇಳಲಿಲ್ಲ.

ಮಗಳು ಹುಟ್ಟಿದ ಮೇಲೆ ಗೆಳತಿ ಅವಳನ್ನು ಬಿಟ್ಟಿರಲಾರದಷ್ಟು ಹಚ್ಚಿಕೊಂಡಳು. ಮಗಳೂ, ಚಿಕ್ಕಮ್ಮನಿಗೆ ಮರಾಠಿ ಮಕ್ಕಳು ಅನ್ನುವ ಹಾಗೆ, “ಮೌಶಿ, ಮೌಶಿ” ಎಂದು ಅವಳ ಹಿಂದೆಯೇ. ಸೂಜಿ ಹಿಡಿಯಲು ಕಲಿತದ್ದು ಅವಳಿಂದಲೇ.

ಹೋದ ಮಳೆಗಾಲದಲ್ಲಿ ಅವಳಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ. ದಸರೆಯ ಹೊತ್ತಿಗೆ ಹಾಸಿಗೆ ಹಿಡಿದಳು. ನಾನು ದಿನಾಲು ಗಂಜಿ ಒಯ್ಯುತ್ತಿದ್ದೆ. ತಲೆಯ ಹತ್ತಿರ ಆ ಗಂಟು ಇರುತ್ತಿತ್ತು. ಒಂದು ದಿವಸ ಅದರ ಮೇಲೆ ಕೈ ಇಟ್ಟು ಹೇಳಿದಳು:

“ನಾ ಹೋದ ದಿವಸನ ಇದನ್ನ ಒಯ್ಯಿ. ಮರುದಿವಸ ಅಂತ ಇಡಬ್ಯಾಡ. ನಮ್ಮ ವೈನಿಗೆ ಇದು ಹರಕ ಬಟ್ಟಿ. ಆಕೀದೇನು ತಪ್ಪಲ್ಲ, ಹರಕೂ ಹೌದು.”

“ಈಗನ ಒಯ್ಯಲೇನು?”

“ಭಾಳ ಗಡಿಬಿಡಿ ನಿನಗ! ಉಸಿರಾಡ್ಲಿಕತ್ತೀನಿ ಇನ್ನಾ. ಕಣ್ಣ ಮುಂದ ಇರ್ಲಿ.” ಕೆಮ್ಮಿ, ಸುಧಾರಿಸಿಕೊಂಡು, “ಕೌದಿ ಮಾಡಬ್ಯಾಡ. ತಿಳಿಯೋವ್ರು ಯಾರರೆ ಬಂದ್ರ ಬಿಚ್ಚಿ ತೋರ್ಸು. ಚೀಟಿ ಓದಿ ಹೇಳಲಿಕ್ಕೆ ನೀ ಇದ್ದೀಯಲ್ಲ.”

“ಆತು” ಎಂದೆ. ಒಂದೇ ಮಾತು, ಆದರೆ ಬಾಯಿ ತುಂಬ ಹೇಳಿದೆ.

ಅದೇ ಹೊತ್ತಿಗೆ ಮಗಳು ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ನಿಂತ ಬಸಿರು. ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ ಆ ದೇವರುಗಳಿಗೇ ಗೊತ್ತು. ಅವಳು ಸೀನಿದರೆ ನಾನು ನಡುಗುತ್ತಿದ್ದೆ.

ಗೆಳತಿ ಒಂದು ಬೆಳಿಗ್ಗೆ ಹೋದಳು. ಮಗಳನ್ನು ಮನೆಯಲ್ಲೇ ಬಿಟ್ಟು ನಾನು ಓಡಿದೆ. ಗಂಡಸರು ಅವಳನ್ನು ಒಯ್ದರು. ಮನೆ ತೊಳೆಯುವಾಗ ಅವಳ ಅತ್ತಿಗೆ ತಾನಾಗಿಯೇ ಆ ಗಂಟನ್ನು ಬಾಗಿಲ ಹತ್ತಿರ ತಂದಿಟ್ಟಳು.

“ನಿಮಗ ಕೊಡು ಅಂದಿದ್ಲರಿ. ಒಯ್ಯಿರಿ, ಇಲ್ಲೆ ಇಡ್ಲಿಕ್ಕೆ ಜಾಗಾ ಇಲ್ಲ.”

ನಾನು ಬಗ್ಗಿದೆ, ಗಂಟಿಗೆ ಕೈ ಚಾಚಿದೆ. ಮೇಲೆ ಸುತ್ತಿದ್ದು ಅವಳು ಉಟ್ಟು ಹಳತಾದ ಸೀರೆ. ಗಂಡನಿಲ್ಲದವಳ ಸೀರೆ, ಸತ್ತವಳ ತಲೆಯ ಹತ್ತಿರವಿದ್ದದ್ದು. ಮನೆಯಲ್ಲಿ ಮಗಳು, ಹೊಟ್ಟೆಯಲ್ಲಿ ಕೂಸು. ನನ್ನ ಕೈ ತಾನಾಗಿ ಹಿಂದೆ ಬಂತು.

“ಸೂತಕ ಕಳದ ಮ್ಯಾಲ ಹದಿನಾಕನೇ ದಿವಸಕ್ಕ ಬಂದು ಒಯ್ಯತೀನ್ರಿ ವೈನಿ. ಮನ್ಯಾಗ ಬಸರಿ ಅದಾಳ.”

“ಹೌದ್ರಿ, ಅದೂ ಖರೇನ” ಎಂದಳು ಆಕೆ. ಅವಳಿಗೂ ಅದು ಸರಿ ಅನ್ನಿಸಿತು. ನಮ್ಮಿಬ್ಬರ ನಡುವೆ ಆ ಹೊತ್ತು ಯಾವ ಜಗಳವೂ ಇರಲಿಲ್ಲ. ಇಬ್ಬರು ತಿಳಿದ ಹೆಂಗಸರು ತಿಳಿದ ಮಾತು ಆಡಿದೆವು.

ಹದಿನಾಲ್ಕನೆಯ ದಿವಸ ಸ್ನಾನ ಮಾಡಿ ಹೋದೆ. ಬಾಗಿಲ ಹತ್ತಿರ ಗಂಟು ಇರಲಿಲ್ಲ. ಅಡಿಗೆಮನೆಯ ಹಲಗೆಯ ಮೇಲೆ ಹೊಸ ಹಿತ್ತಾಳೆಯ ಬೋಗುಣಿ ಹೊಳೆಯುತ್ತಿತ್ತು, ದೊಡ್ಡದು, ಕಂಠಕ್ಕೆ ಅಂಚು ಇದ್ದದ್ದು.

ಪುಣೆಯಲ್ಲಿ ಹಳೆಯ ಬಟ್ಟೆ ಕೊಟ್ಟು ಪಾತ್ರೆ ತೆಗೆದುಕೊಳ್ಳುವ ರೂಢಿ. ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತು ಓಣಿ ಓಣಿ ಕೂಗುತ್ತ ಬರುವ ಬೋಹಾರೀಣ, ಬಟ್ಟೆಯ ಲೆಕ್ಕಕ್ಕೆ ಪಾತ್ರೆ ಕೊಡುತ್ತಾಳೆ. ಯುದ್ಧದ ದೆಸೆಯಿಂದ ಅರಿವೆಗೆಲ್ಲ ಕಂಟ್ರೋಲು, ಹೊಸ ಬಟ್ಟೆ ಸಿಗುವುದೇ ಕಷ್ಟ. ಚಿಂದಿಗೂ ಬೆಲೆ ಬಂದಿತ್ತು. ಹನ್ನೊಂದನೆಯ ದಿವಸ ಬೋಹಾರೀಣ ಬಂದಿದ್ದಾಳೆ. ಅತ್ತಿಗೆ ಸತ್ತವಳ ಸೀರೆಗಳನ್ನು ಕೊಟ್ಟಿದ್ದಾಳೆ. ಅಂಚಿನ ಬೋಗುಣಿಗೆ ಅಷ್ಟು ಸಾಲುವುದಿಲ್ಲ ಅಂದಾಗ ಗಂಟನ್ನೂ ಬಿಚ್ಚಿ ಸುರಿದಿದ್ದಾಳೆ.

“ಚೀಟಿ?” ಎಂದು ಕೇಳಿದೆ. ನನ್ನ ಬಾಯಿಗೆ ಮೊದಲು ಬಂದದ್ದು ಅದು.

“ಕಾಗದ ಬ್ಯಾಡ ಅಂದ್ಲರಿ ಆಕಿ. ಕಿತ್ತು ಒಲಿಗೆ ಹಾಕಿದೆ.”

“ನಾ ಬಂದು ಒಯ್ಯತೀನಿ ಅಂದಿದ್ದೆನಲ್ರಿ ವೈನಿ!”

ಅವಳು ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ನಿಂತಳು. “ಅಂದಿದ್ರಿ. ಮುಟ್ಟಲಿಕ್ಕೂ ಹೇಸಿದ್ರಿ, ನಾ ನೋಡಿಲ್ಲೇನು? ನೀವು ನಿಮ್ಮ ಮನಿಗೆ ಒಯ್ಯಲಾರದ್ದನ್ನ ನಾ ನನ್ನ ಮನ್ಯಾಗ ಇಟಗೊಂಡು ಕೂಡಬೇಕೇನು? ನನ್ನ ಮನ್ಯಾಗ ಮಕ್ಕಳಿಲ್ಲೇನು?”

ಅಲ್ಲಿಂದಲೇ ಓಣಿಗೆ ಇಳಿದೆ.

ಬೋಹಾರೀಣಳನ್ನು ಹುಡುಕಲು ನಾಲ್ಕು ದಿವಸ ಹಿಡಿಯಿತು. ಕೇಳಿದರೆ ಅವಳಿಗೆ ನೆನಪಿತ್ತು. ಮರಾಠಿಯಲ್ಲಿ ಹೇಳಿದಳು: ಸೀರೆಗಳು ಬಜಾರಿಗೆ ಹೋದವು. ಸಣ್ಣ ತುಂಡುಗಳನ್ನು ಯಾರು ಉಡುತ್ತಾರೆ ಬಾಈ? ಅವನ್ನು ಸ್ವಾರಗೇಟಿನ ಕಡೆ ಮೋಟಾರು ರಿಪೇರಿಯ ಶೆಡ್ಡಿನವರಿಗೆ ಹಾಕಿದೆ, ಯಂತ್ರ ಒರೆಸಲು. ಮೆತ್ತಗಿದ್ದವು, ಅವರಿಗೆ ಬಹಳ ಸೇರಿದವು.

ಹೋದೆ. ಹೆಂಗಸರು ಹೋಗುವ ಜಾಗವಲ್ಲ, ಆದರೂ ಹೋದೆ. ಎಣ್ಣೆಯ ವಾಸನೆ, ನೆಲವೆಲ್ಲ ಕಪ್ಪು. ಮೂಲೆಯಲ್ಲಿ ಒರೆಸಿ ಎಸೆದ ಅರಿವೆಯ ಗುಡ್ಡೆ. ಒಬ್ಬ ಮೇಸ್ತ್ರಿ ಬಂದು ಏನು ಬೇಕು ಅಂದ. ನನ್ನ ಗೆಳತಿಯ ಕಸೂತಿ ಬೇಕು ಅಂತ ಮರಾಠಿಯಲ್ಲಿ ಹೇಗೆ ಹೇಳಬೇಕು? “ಚಿಂಧ್ಯಾ” ಎಂದೆ, ಚಿಂದಿ. ಬಡವಳು, ಒಲೆ ಹಚ್ಚಲು ಕೇಳುತ್ತಾಳೆ ಅಂದುಕೊಂಡ. ಒಳ್ಳೆಯವನು, ಎರಡೂ ಕೈ ತುಂಬ ಎತ್ತಿಕೊಟ್ಟ. ಬೀದಿಯ ಬದಿಗೆ ಕುಳಿತು ಒಂದೊಂದೇ ಬಿಡಿಸಿ ನೋಡಿದೆ. ಧೋತರದ ತುಂಡು, ಅಂಗಿಯ ತೋಳು, ಹಾಸಿಗೆಯ ಚಾದರ. ಒಂದು ಮಾತ್ರ ಕರಿಯ ಬಟ್ಟೆ. ಬೆರಳಿಗೆ ಹೊಲಿಗೆಯ ಉಬ್ಬು ಹತ್ತಿತು ಅನ್ನಿಸಿತು. ಮನೆಗೆ ತಂದು ಸೋಡಾ ಹಾಕಿ ಕುದಿಸಿದೆ. ಎಣ್ಣೆಯೂ ಬಿಡಲಿಲ್ಲ, ಚಿತ್ರವೂ ಕಾಣಲಿಲ್ಲ. ಮೂರನೆಯ ಸಲ ಕುದಿಸಿದಾಗ ಬಟ್ಟೆಯೇ ಕರಗಿ ಎಳೆ ಎಳೆಯಾಯಿತು. ಅವಳದೋ ಅಲ್ಲವೋ, ದೇವರೇ ಬಲ್ಲ.

ಚಿತ್ರಗಳ ಹೆಸರು ಕೇಳಿದರೆ ಈಗಲೂ ಸಾಲಾಗಿ ಹೇಳುತ್ತೇನೆ, ಬರೆದವಳು ನಾನೇ. ಆದರೆ ಯಾವುದಕ್ಕೆ ಎಷ್ಟು ಎಳೆ, ಎಲ್ಲಿ ತಿರುಗಬೇಕು, ಅದು ಚೀಟಿಯಲ್ಲಿ ಇರಲಿಲ್ಲ. ಅದು ಅವಳ ಕಣ್ಣಲ್ಲಿತ್ತು, ಆ ತುಂಡುಗಳಲ್ಲಿತ್ತು.

ಇದನ್ನೆಲ್ಲ ನಾನು ಮಗಳಿಗೆ ಹೇಳಿರಲಿಲ್ಲ. ಬಸುರಿಯ ಮನಸ್ಸಿಗೆ ಹತ್ತೀತು ಅಂತ. ಗಂಟು ಎಲ್ಲಿ ಅಂತ ಎರಡು ಸಲ ಕೇಳಿದಾಗಲೂ “ಅವರ ಮನ್ಯಾಗ ಅದ” ಎಂದೆ. ದಿನ ತುಂಬಿ ಹೆರಿಗೆಯಾಯಿತು, ಸುಖವಾಗಿ. ಕೂಸನ್ನು ಕೈಗೆ ಕೊಟ್ಟಾಗ ನಾನು ಅತ್ತ ಅಳುವಿಗೆ ಸೂಲಗಿತ್ತಿ, “ಹೆತ್ತಾಕಿ ಆಕಿನೋ ನೀವೋ?” ಎಂದಳು. ಕೂಸಿನ ಕೆನ್ನೆ ಮೂಸಿ ನೋಡಿದೆ. ಒಂದು ಗಳಿಗೆ, ಆಗ, ನಾನು ಮಾಡಿದ್ದೇ ಸರಿ ಅನ್ನಿಸಿತು. ಗಂಟು ತರಲಿಲ್ಲ, ಕೂಸು ಗಟ್ಟಿಯಾಗಿ ಬಂತು ಅಂತ. ಹಾಗೆ ಅನ್ನಿಸಿದ್ದನ್ನೂ ಬರೆದುಬಿಡುತ್ತೇನೆ.

ಮೊನ್ನೆ ಗೆಳತಿಯ ಅತ್ತಿಗೆ ಬಾಣಂತಿಗೆ ಅಂಟಿನುಂಡೆ ಮಾಡಿ ತಂದಳು, ಅದೇ ಅಂಚಿನ ಬೋಗುಣಿಯಲ್ಲಿ. ಒಳ್ಳೆಯ ಮನಸ್ಸಿನಿಂದಲೇ ತಂದಳು. ಕೂಸನ್ನು ನೋಡಿ, ದೃಷ್ಟಿ ತೆಗೆದು, ಬೋಗುಣಿ ಬಿಟ್ಟು ಹೋದಳು. ಮಗಳು ಉಂಡೆಗೆ ಕೈ ಹಾಕಿದಳು. ನಾನು ಬೋಗುಣಿಯನ್ನು ಅವಳ ಮುಂದಿನಿಂದ ಸರಕ್ಕನೆ ಎಳೆದೆ.

“ಯಾಕವ್ವಾ?”

ಆಗ ಹೇಳಿದೆ. ಎಲ್ಲ ಹೇಳಿದೆ. ಯಾರ ಸಲುವಾಗಿ ಬಿಟ್ಟೆ ಅನ್ನುವುದನ್ನೂ ಹೇಳಿದೆ. ಅವಳಿಗೆ ಉಪಕಾರ ಮಾಡಿದ ಹಾಗೆ ಹೇಳಿದೆನೇನೋ.

ಕೂಸು ಮಗಳ ಮೊಲೆಯಲ್ಲಿತ್ತು.

“ಮೌಶಿ ಮನಿಗೆ ನಾ ದಿನಾ ಹೋಗತಿದ್ದೆ, ಗೊತ್ತದ ಏನು ನಿನಗ? ನೀ ಸಂತಿಗೆ ಹೋದಾಗ. ಆಕಿ ಕೆಮ್ಮೋ ಮುಂದ ಬೆನ್ನ ನೀವತಿದ್ದೆ. ಅದ ಗಂಟಿಗೆ ಆತು ಕೂಡತಿದ್ದೆ. ಏಳು ತಿಂಗಳ ಹೊಟ್ಟಿ ಹೊತಗೊಂಡು.”

ನಾನು ಬೋಗುಣಿಯ ಅಂಚು ಹಿಡಿದುಕೊಂಡೇ ಕುಳಿತಿದ್ದೆ.

“ನನ್ನ ಒಂದ ಮಾತು ಕೇಳಬಾರದಿತ್ತೇನವ್ವಾ? ನಾ ತರತಿದ್ದೆ.”

ಅಷ್ಟೇ ಅಂದಳು, ಬೈಯಲಿಲ್ಲ. ಉಂಡೆಯನ್ನೂ ತಿನ್ನಲಿಲ್ಲ. ಉಂಡೆಗಳನ್ನು ಡಬ್ಬಿಗೆ ಸುರಿದು ಬೋಗುಣಿಯನ್ನು ತಿಕ್ಕಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬಾಣಂತಿಗೆ ತಿನಿಸು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು; ರೇಷನ್ ಸಕ್ಕರೆ ಒಂದು ಹಿಡಿ ಹಾಕಿದೆ. ಎರಡು ಬಾಗಿಲು ದಾಟಿ ನಾನೇ ಕೊಟ್ಟುಬಂದೆ.

“ಚಲೋ ಹೊಳೀಲಿಕತ್ತದಲ್ರಿ!” ಎಂದಳು ಗೆಳತಿಯ ಅತ್ತಿಗೆ.

“ಹೌದ್ರಿ ವೈನಿ. ಭಾಳ ಗಟ್ಟಿ ಬೋಗುಣಿ ಅದ” ಎಂದೆ.